ನೀರಿನಡಿಯ ವಿಷದ ಹೂಳಿಗೆ ಸಿಮೆಂಟಿನ ಬಂಧನ

ಕಾರ್ಖಾನೆಗಳು ನೀರಿಗೆ ಬಿಟ್ಟ ತ್ಯಾಜ್ಯವು ಕಾಲಕ್ರಮೇಣ ಕೊಚ್ಚಿಹೋಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಸೀಸ, ಪಾದರಸ, ಡಾಂಬರಿನಂತಹ ವಸ್ತುಗಳು ತಳದ ಹೂಳಿನಲ್ಲಿ ಸೇರಿ ದಶಕಗಳ ಕಾಲ ಉಳಿಯುತ್ತವೆ. ಹೂಳೆತ್ತುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ. ಮಾಲಿನ್ಯವು ಇನ್ನೂ ಆಳಕ್ಕೆ ಇಳಿದಿದ್ದರೆ, ಮಣ್ಣನ್ನು ಇದ್ದಲ್ಲಿಯೇ ಸಿಮೆಂಟಿನೊಡನೆ ಬೆರೆಸಿ ಗಟ್ಟಿಗೊಳಿಸುವ ಮಾರ್ಗವೂ ಉಂಟು.

ಈ ವಿಧಾನದಲ್ಲಿ ಬಾರ್ಜಿನ ಮೇಲಿರುವ ಯಂತ್ರವು ತಿರುಗುವ ದಂಡವನ್ನು ತಳಕ್ಕೆ ಇಳಿಸಿ, ಅದರ ಮೂಲಕ ಸಿಮೆಂಟಿನ ಗಂಜಿಯನ್ನು ಒತ್ತಡದಿಂದ ಹರಿಸಿ ಮಣ್ಣಿನೊಡನೆ ಕಲಸುತ್ತದೆ. ಸಿಮೆಂಟು ನೀರನ್ನು ಹೀರಿ ಗಟ್ಟಿಯಾದಂತೆ ಮಣ್ಣಿನ ರಂಧ್ರಗಳು ಕಿರಿದಾಗಿ, ನೀರಿನ ಸಂಚಾರ ಕುಗ್ಗುತ್ತದೆ. ಕ್ಷಾರಗುಣ ಹೆಚ್ಚುವುದರಿಂದ ಹಲವು ಲೋಹಗಳು ಸುಲಭವಾಗಿ ಕರಗದ ರೂಪ ತಾಳುತ್ತವೆ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ವಿಷವು ನಾಶವಾಗುವುದಿಲ್ಲ. ಬಂಧನಕ್ಕೆ ಒಳಗಾಗುತ್ತದೆ ಅಷ್ಟೆ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿರುವ ಗೊವಾನಸ್ ಕಾಲುವೆ ಇದಕ್ಕೆ ಉತ್ತಮ ನಿದರ್ಶನ. 19ನೆಯ ಶತಮಾನದಿಂದ ಅದರ ದಡದಲ್ಲಿ ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಘಟಕಗಳು, ಚರ್ಮ ಹದಮಾಡುವ ಹಾಗೂ ರಾಸಾಯನಿಕ ಕಾರ್ಖಾನೆಗಳು ನಡೆದವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2010ರಲ್ಲಿ ಈ ಕಾಲುವೆಯನ್ನು ರಾಷ್ಟ್ರೀಯ ಶುದ್ಧೀಕರಣದ ಆದ್ಯತಾ ಪಟ್ಟಿಗೆ ಸೇರಿಸಿ, 2013ರಲ್ಲಿ ಯೋಜನೆಯನ್ನು ಅಂತಿಮಗೊಳಿಸಿತು. ಮೇಲಿನ ಮೆತ್ತನೆಯ ಹೂಳನ್ನು ತೆಗೆಯುವುದು, ಅದರಡಿಯ ಮೂಲ ಮಣ್ಣಿನಿಂದ ದ್ರವರೂಪದ ಡಾಂಬರು ಮೇಲೇರುವ ಸ್ಥಳಗಳಲ್ಲಿ ಸಿಮೆಂಟು ಬೆರೆಸುವುದು, ಅನಂತರ ಹಲವು ಪದರಗಳ ಹೊದಿಕೆ ಹಾಸುವುದು ಎಂಬುದು ಯೋಜನೆಯ ಕ್ರಮ. ಹೂಳೆತ್ತುವ ಕಾರ್ಯ 2020ರ ನವೆಂಬರಿನಲ್ಲಿ ಆರಂಭವಾಯಿತು.

ವಿಧಾನಕ್ಕೆ ಮಿತಿಗಳೂ ಇವೆ. ಎಣ್ಣೆ ಹಾಗೂ ಸಾವಯವ ಪದಾರ್ಥ ಅಧಿಕವಾಗಿದ್ದರೆ ಸಿಮೆಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ಕ್ಷಾರಗುಣ ಅತಿಯಾದರೆ ಸೀಸದಂತಹ ಲೋಹ ಮತ್ತೆ ಕರಗಬಹುದು. ಆದ್ದರಿಂದ ಆಯಾ ಸ್ಥಳದ ಮಣ್ಣನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಮಿಶ್ರಣದ ಪ್ರಮಾಣವನ್ನು ನಿರ್ಧರಿಸಬೇಕು. ಗಟ್ಟಿಗೊಳಿಸಿದ ತಳವನ್ನು ಮುಂದೆ ಆಳಗೊಳಿಸುವುದು ಕಷ್ಟವಾದ್ದರಿಂದ ಹಡಗುಗಳ ಮಾರ್ಗದಲ್ಲಿ ಈ ವಿಧಾನವನ್ನು ವಿವೇಚನೆಯಿಂದ ಅನುಸರಿಸಬೇಕಾಗುತ್ತದೆ.

ಉದ್ಯಮಿಗಳಿಗೆ ಇಲ್ಲಿ ಮುಖ್ಯವಾದುದು ಹೊಣೆಗಾರಿಕೆಯ ಪ್ರಶ್ನೆ. 2013ರ ಅಂದಾಜಿನಂತೆ ಗೊವಾನಸ್ ಯೋಜನೆಯ ವೆಚ್ಚ 50.6 ಕೋಟಿ ಡಾಲರ್. ಅನಿಲ ಘಟಕಗಳು ಮುಚ್ಚಿ ದಶಕಗಳೇ ಕಳೆದಿದ್ದರೂ, ಅವುಗಳ ಉತ್ತರಾಧಿಕಾರಿಯಾದ ನ್ಯಾಷನಲ್ ಗ್ರಿಡ್ ಸಂಸ್ಥೆ ಹೊಣೆಗಾರರ ಸಾಲಿನಲ್ಲಿ ನಿಲ್ಲಬೇಕಾಯಿತು. ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ 1996ರ ತೀರ್ಪುಗಳಲ್ಲಿ ಎತ್ತಿಹಿಡಿದಿದೆ; 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಹಳೆಯ ಕಾರ್ಖಾನೆಯನ್ನು ಕೊಳ್ಳುವವರು ಕಟ್ಟಡ, ಯಂತ್ರಗಳೊಡನೆ ಪಕ್ಕದ ಹಳ್ಳ, ಕೆರೆಗಳ ಹೂಳನ್ನೂ ಪರೀಕ್ಷಿಸಿಕೊಳ್ಳುವುದು ಲೇಸು.