ಕಸ್ಬಾದ ಹಿತ್ತಿಲಲ್ಲೊಂದು ಕೆಲಸದ ಶೆಡ್: ಮೊದಲ ಹಲಗೆ ತರೋಕೂ ಮುಂಚೆ

ವೀಡಿಯೊದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪವಾಗಿ ಇಲ್ಲಿ ಬರೆದಿದ್ದೀವಿ. ಅಳತೆ, ಲೆಕ್ಕ ಎಲ್ಲಾ ಒಂದೇ ಕಡೆ ಸಿಗತ್ತೆ.

ಸೆಕ್ಟರ್ ಫೈವ್, ನ್ಯೂ ಟೌನ್ ಕಡೆ ಕೆಲಸ ಮಾಡ್ಕೊಂಡು ಕಸ್ಬಾದಲ್ಲಿ ಮನೆ ಮಾಡಿರೋ ನಮ್ಮವರಲ್ಲಿ ಹೆಚ್ಚಿನವರು ಫ್ಲ್ಯಾಟಿನಲ್ಲೇ ಇರೋದು. ಹಳೇ ಎರಡಂತಸ್ತಿನ ಮನೆಯ ನೆಲಮಹಡಿ ಸಿಕ್ಕವರಿಗೆ ಮಾತ್ರ ಹಿಂದೆ ಒಂದು ಚೂರು ಹಿತ್ತಿಲು ಸಿಗತ್ತೆ. ಅಲ್ಲಿ ಮರದ ಹೊದಿಕೆ ಹಾಕಿ ಕೆಲಸದ ಶೆಡ್ ಕಟ್ಟಬಹುದಾ ಅಂತ ಕೇಳೋರು ಎರಡು ಥರ. ಕೆಲವರಿಗೆ ವಾರದ ಕೊನೆಗೆ ಮರಗೆಲಸ ಕಲಿಯೋ ಆಸೆ. ಇನ್ನು ಕೆಲವರು ಊರಲ್ಲಿ ಜೀವಮಾನವಿಡೀ ಕೈಕೆಲಸ ಮಾಡಿದ ಅಪ್ಪನನ್ನ ಜೊತೆಗೆ ಕರ್ಕೊಂಡು ಬಂದವರು. ಭಾಷೆ ಬರದ ಊರಲ್ಲಿ, ಸೋಫಾದ ಮೇಲೆ ಕೂತು ಕೂತು ಅಪ್ಪ ಬಾಡಿಹೋಗೋದನ್ನ ನೋಡೋದು ಸುಲಭ ಅಲ್ಲ. ಅಂಥ ಮನೆಗೆ ಈ ಶೆಡ್ ಶೋಕಿಯ ವಸ್ತು ಆಗಿರೋದಿಲ್ಲ. ಹಾಗಾಗಿ ನಾವು ಒಂದೇ ಪ್ರಶ್ನೆ ಹಿಡ್ಕೊಂಡು ಹೋಗೋಣ: ಎಪ್ಪತ್ತು ದಾಟಿದವರು ಕೋಲ್ಕತ್ತದ ಮಳೆಗಾಲದಲ್ಲಿ ಒಬ್ಬರೇ ಅಲ್ಲಿ ನಿಂತು ಕೆಲಸ ಮಾಡಿದ್ರೆ ಕ್ಷೇಮವಾಗಿರ್ತಾರಾ?

ಮೊದಲು ಕಾಗದ

ಬಾಡಿಗೆ ಮನೆಯಾದ್ರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಶೆಡ್ ಯಾರದ್ದು, ಮನೆ ಬಿಡುವಾಗ ಬಿಚ್ಚಿ ತಗೊಂಡು ಹೋಗಬಹುದಾ ಅನ್ನೋದೂ ಅದರಲ್ಲೇ ಇರಲಿ. ಕೋಲ್ಕತ್ತ ಮಹಾನಗರ ಪಾಲಿಕೆಯ 2009ರ ಕಟ್ಟಡ ನಿಯಮಗಳ ಪ್ರಕಾರ ಮನೆಯ ಹಿಂದೆ ಇಷ್ಟು ಜಾಗ ತೆರೆದಿರಬೇಕು ಅಂತ ಇದೆ. ನಿಮ್ಮ ಹಿತ್ತಿಲು ಅದೇ ಜಾಗ ಆಗಿರಬಹುದು. 'ಬರೀ ಮರದ್ದು ತಾನೇ' ಅಂದ್ರೆ ನಡೆಯಲ್ಲ. ಪಾಲಿಕೆಯ ಲೈಸೆನ್ಸ್ ಇರೋ ಬಿಲ್ಡಿಂಗ್ ಸರ್ವೇಯರ್, ಇಲ್ಲಿನವರ ಬಾಯಲ್ಲಿ ಎಲ್‌ಬಿಎಸ್, ಅವರಿಗೆ ಮನೆಯ ನಕ್ಷೆ ತೋರಿಸಿ ಕೇಳಿ. ಅವರು ಬೇಡ ಅಂದ್ರೆ ಗೋಡೆ ಎಬ್ಬಿಸೋ ಯೋಚನೆ ಬಿಟ್ಟು, ಮನೆಯೊಳಗಿನ ಒಂದು ಕೋಣೆಗೆ ಬೆಂಚು ಹಾಕೋದೇ ಲೇಸು.

ಆಮೇಲೆ ನೀರು

ಪೂರ್ವ ಕೋಲ್ಕತ್ತದ ಈ ಭಾಗ ತಗ್ಗು. ಅಡಿಯಲ್ಲಿ ಮೆತ್ತನೆ ಜೇಡಿಮಣ್ಣು, ಆಚೆ ಜೌಗು ಪ್ರದೇಶ. 2025ರ ಸೆಪ್ಟೆಂಬರ್ 23ರಂದು ಒಂದೇ ರಾತ್ರಿಯ ಮಳೆಗೆ ನಗರ ಮುಳುಗಿ, ನಿಂತ ನೀರಲ್ಲಿ ಕರೆಂಟು ಹರಿದು ಹಲವರು ಸತ್ತಿದ್ದು ನಿಮಗೆ ನೆನಪಿರತ್ತೆ. ಅಕ್ಕಪಕ್ಕದ ಹಳಬರನ್ನ ಕೇಳಿ: 'ಜೊಲ್ ಕೊತೊಟಾ ಓಠೇ?' ನೀರು ಎಲ್ಲಿವರೆಗೆ ಏರತ್ತೆ ಅಂತ. ಕಾಂಪೌಂಡ್ ಗೋಡೆ ಮೇಲೆ ಕಲೆಯೂ ಉಳಿದಿರತ್ತೆ. ಆ ಗುರುತಿಗಿಂತ ಕನಿಷ್ಠ 6 ಇಂಚು ಮೇಲೆ ನಿಮ್ಮ ಶೆಡ್ಡಿನ ನೆಲ ಇರಬೇಕು.

ಮೆತ್ತನೆ ಮಣ್ಣಲ್ಲಿ ಭಾರವನ್ನ ಒಂದೇ ಕಡೆ ಬಿಡದೆ ಹರಡಬೇಕು. ಇಲ್ಲಿನ ಮಿಸ್ತ್ರಿಗಳು ಇಟ್ಟಿಗೆಯನ್ನ ಮಲಗಿಸಿ ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಕ್ತಾರೆ. ಅದು ಸರಿಯಾದ ಪದ್ಧತಿ. ಮರದ ಕಂಬವನ್ನ ಮಾತ್ರ ಮಣ್ಣಲ್ಲಾಗಲಿ ಕಾಂಕ್ರೀಟಲ್ಲಾಗಲಿ ಹೂಳಬೇಡಿ. ಕಬ್ಬಿಣದ ಪಟ್ಟಿಯ ಪಾದ ಮಾಡಿಸಿ, ಅದಕ್ಕೆ ಬೋಲ್ಟ್ ಹಾಕಿ. ಹಾಗೆ ಮಾಡಿದ್ರೆ ಗೆದ್ದಲು ಹತ್ತಿದ್ರೂ ಮಣ್ಣಿನ ದಾರಿ ಕಣ್ಣಿಗೆ ಬೀಳತ್ತೆ. ನಾಳೆ ಪುಣೆಗೋ ಬೆಂಗಳೂರಿಗೋ ವರ್ಗ ಆದ್ರೆ ಬಿಚ್ಚೋದೂ ಸುಲಭ. ನೆಲದ ಸುತ್ತ ನೀರು ನಿಲ್ಲೋ ಗುಂಡಿ ಇರಬಾರದು. ಡೆಂಗಿ ಸೊಳ್ಳೆಗೆ ಅಷ್ಟು ಸಾಕು.

ಒಳಗಿನ ಅಳತೆ

8 ಅಡಿಗೆ 10 ಅಡಿ ಇದ್ದರೆ ಒಬ್ಬರಿಗೆ ಸಾಕು. ಬೆಂಚು 5 ಅಡಿ ಉದ್ದ, 2 ಅಡಿ ಅಗಲ. ತೊಂದರೆ ಬರೋದು ಉದ್ದದ ಹಲಗೆಗೆ. 8 ಅಡಿ ಹಲಗೆಯನ್ನ ಉದ್ದಕ್ಕೆ ಸೀಳೋಕೆ ಗರಗಸದ ಹಿಂದೆ 8, ಮುಂದೆ 8, ಒಟ್ಟು 16 ಅಡಿ ಬೇಕು. ಅಷ್ಟು ದೊಡ್ಡ ಶೆಡ್ ಕಟ್ಟೋಕಾಗಲ್ಲ. ಬಾಗಿಲನ್ನೂ ಅದರ ಎದುರಿನ ಕಿಟಕಿಯನ್ನೂ ಒಂದೇ ಗೆರೆಗೆ ತನ್ನಿ, ಹಲಗೆ ಆಚೆ ಹೋಗತ್ತೆ. ಇನ್ನೊಂದು ಕಿಟಕಿ ದಕ್ಷಿಣಕ್ಕಿರಲಿ. ಇಲ್ಲಿನ ಮನೆ ಜಾಹೀರಾತುಗಳಲ್ಲಿ 'ದಕ್ಷಿಣ್ ಖೋಲಾ' ಅಂತ ಕೊಚ್ಚಿಕೊಳ್ಳೋದು ಸುಮ್ಮನೆ ಅಲ್ಲ. ಬೇಸಿಗೆಯಲ್ಲಿ ತಂಗಾಳಿ ಬರೋದು ಆ ಕಡೆಯಿಂದಲೇ.

ಹೊದಿಕೆ ಅಂದ್ರೆ ನಮ್ಮ ಮಡಲು ತಟ್ಟಿ

ಮರದ ಹೊದಿಕೆ ಅಂದಕೂಡಲೇ ವಿದೇಶಿ ವೀಡಿಯೊ ನೆನಪಾಗತ್ತೆ. ತತ್ವ ನಮಗೆ ಹಳೇದು. ಕರಾವಳಿ, ಮಲೆನಾಡಲ್ಲಿ ಮಳೆ ಹಿಡಿಯೋ ಮುಂಚೆ ಮಣ್ಣಿನ ಗೋಡೆಗೆ ಮಡಲು ಇಲ್ಲಾ ಅಡಿಕೆ ಸೋಗೆ ಕಟ್ತಾರಲ್ಲ, ಅದೇ. ಎರಚಲು ಮಡಲಿಗೆ ಬಡಿದು ಕೆಳಗೆ ಇಳಿಯತ್ತೆ. ಮಡಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಗಾಳಿ ಆಡಿ ಗೋಡೆ ಒಣಗಿರತ್ತೆ.

ಶೆಡ್ಡಿನಲ್ಲೂ ಹಾಗೇ. ಮರದ ಚೌಕಟ್ಟು, ಅದರ ಮೇಲೆ ನೀರು ತಡೆಯೋ ಹಾಳೆ, ಹಾಳೆ ಮೇಲೆ ಮುಕ್ಕಾಲು ಇಂಚಿನ ರೀಪು ನೇರವಾಗಿ ನಿಲ್ಲಿಸಿ, ಅದಕ್ಕೆ ಹಲಗೆ ಅಡ್ಡಕ್ಕೆ ಹೊಡೀಬೇಕು. ಸಂದಿಯ ಮೇಲೂ ಕೆಳಗೂ ಜಾಲರಿ ಹಾಕಿ, ಮುಚ್ಚಬೇಡಿ. ಪ್ರತಿ ಹಲಗೆ ಕೆಳಗಿನದರ ಮೇಲೆ 1 ಇಂಚು ಕೂತಿರಲಿ. ಮೊಳೆ ಹೊಡೆಯುವಾಗ ಎರಡು ಹಲಗೆಗೂ ಸೇರಿಸಿ ಹೊಡೀಬೇಡಿ. ಮಳೆಗಾಲದಲ್ಲಿ 5 ಇಂಚಿನ ಹಲಗೆ ಒಂದೆರಡು ಮಿಲಿಮೀಟರ್ ಹಿಗ್ಗತ್ತೆ, ಚಳಿಗಾಲದಲ್ಲಿ ಕುಗ್ಗತ್ತೆ. ಎರಡನ್ನೂ ಕಟ್ಟಿಹಾಕಿದ್ರೆ ಸೀಳು ಬಿಡತ್ತೆ. ಕೊನೇ ಹಲಗೆ ನೆಲದಿಂದ 8 ಇಂಚು ಮೇಲಿರಲಿ, ಚಿಮ್ಮೋ ನೀರು ತಾಗಬಾರದು.

ಯಾವ ಮರ, ಎಷ್ಟು?

ಮರದಂಗಡಿಗೆ ಇಲ್ಲಿ 'ಕಾಠ್ ಗೋಲಾ' ಅಂತಾರೆ. ದೊಡ್ಡ ಮಾರುಕಟ್ಟೆ ಉತ್ತರದ ನಿಮ್ತಲಾ ಕಡೆ. ತೇಗಕ್ಕೆ 'ಶೇಗುನ್', ಶಿವನೆಗೆ 'ಗಾಮಾರ್', ಹಲಸಿಗೆ 'ಕಾಠಾಲ್', ಗೆದ್ದಲಿಗೆ 'ಉಯಿ'. 'ಶಾಲ್' ಅಂದ್ರೆ ಬಾಂಕುಡಾ, ಝಾಡ್‌ಗ್ರಾಮ ಕಡೆಯ ಕಾಡಿನ ಮರ, ಭಾರ ಮತ್ತು ಗಟ್ಟಿ. ಚೌಕಟ್ಟಿಗೆ ಒಳ್ಳೇದು, ಆದ್ರೆ ತೂತು ಕೊರೆಯದೆ ಮೊಳೆ ಇಳಿಯಲ್ಲ. ಹೊದಿಕೆಗೆ ತೇಗ ಉತ್ತಮ, ದುಡ್ಡು ಜಾಸ್ತಿ. ಗಾಮಾರ್ ಹಗುರ, ಹೆಚ್ಚು ಸೊಟ್ಟಗಾಗಲ್ಲ, ಆದ್ರೆ ಎಣ್ಣೆ ತಪ್ಪಿಸೋ ಹಾಗಿಲ್ಲ. ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಅಗ್ಗ. ಅದರ ಮೇಲಿನ 'ಎಚ್‌ಟಿ' ಮುದ್ರೆ ಅಂದ್ರೆ ಬಿಸಿ ಮಾಡಿ ಆಗ ಇದ್ದ ಹುಳ ಕೊಂದಿದ್ದಾರೆ ಅಂತಷ್ಟೇ. ನಾಳೆ ಬರೋ ಗೆದ್ದಲಿಗೆ ಅದು ತಡೆ ಅಲ್ಲ.

ಲೆಕ್ಕ ನೋಡಿ. ಸುತ್ತಳತೆ 36 ಅಡಿ, ಸರಾಸರಿ ಎತ್ತರ 7.5 ಅಡಿ: 270 ಚದರಡಿ. ಬಾಗಿಲು, ಎರಡು ಕಿಟಕಿ ಸುಮಾರು 44 ಚದರಡಿ ಕಳೆದ್ರೆ 226. 5 ಇಂಚಿನ ಹಲಗೆಯಲ್ಲಿ ಕಾಣೋದು 4 ಇಂಚು, ಹಾಗಾಗಿ ಕಾಲು ಭಾಗ ಸೇರಿಸಿ: 283. ಪೋಲಿಗೆ ಶೇ. 10 ಸೇರಿಸಿದ್ರೆ 311 ಚದರಡಿ. 1 ಇಂಚು ದಪ್ಪದ ಹಲಗೆ ತಂದು ಮುಕ್ಕಾಲು ಇಂಚಿಗೆ ತೋಪಡಾ ಹೊಡೆಸೋದಾದ್ರೆ, 311ನ್ನ 12ರಿಂದ ಭಾಗಿಸಿ: ಸುಮಾರು 26 ಸಿಎಫ್‌ಟಿ, ಅಂದ್ರೆ ಘನ ಅಡಿ. ಈ ಸಂಖ್ಯೆ ಕೈಯಲ್ಲಿಟ್ಕೊಂಡೇ ಅಂಗಡಿಗೆ ಹೋಗಿ.

ಹಲಗೆ ಹೊಡೆಯೋ ಮುಂಚೆ ನಾಲ್ಕೂ ಕಡೆ, ಕತ್ತರಿಸಿದ ತುದಿಗೂ ಅಗಸೆ ಎಣ್ಣೆ ಹಚ್ಚಿ. ಒರೆಸಿದ ಬಟ್ಟೆಯನ್ನ ಉಂಡೆ ಮಾಡಿ ಶೆಡ್ಡಿನಲ್ಲಿ ಬಿಡಬೇಡಿ. ಅದು ಬಿಸಿಯಾಗಿ ತಾನೇ ಹೊತ್ಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಒಣಗಿಸಿ ಎಸೀರಿ.

ಗಾಳಿ, ಕರೆಂಟು, ಸದ್ದು

ಏಪ್ರಿಲ್, ಮೇ ಸಂಜೆಯ ಕಾಲ್‌ಬೈಶಾಖಿ ಬರೋದು ವಾಯವ್ಯದಿಂದ. ಆ ಕಡೆ ಬಾಗಿಲು ಬೇಡ. 2020ರ ಮೇ 20ರ ಅಂಫಾನ್ ನಗರದಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಜೋರಾಗಿ ಬೀಸಿತ್ತು. ಅಂಥ ಗಾಳಿ ಚಾವಣಿಯನ್ನ ಒತ್ತೋದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯತ್ತೆ. ಶೀಟು ತೊಲೆಗೆ, ತೊಲೆ ಕಂಬಕ್ಕೆ, ಕಂಬ ಕಾಂಕ್ರೀಟಿಗೆ ಕಬ್ಬಿಣದ ಪಟ್ಟಿಯಿಂದ ಹಿಡಿದಿರಬೇಕು. ನಡುವೆ ಒಂದು ಕೊಂಡಿ ಬಿಟ್ಟುಹೋದ್ರೂ ಶೀಟು ಪಕ್ಕದ ಮನೆಗೆ ಹಾರತ್ತೆ.

ಕರೆಂಟಿಗೆ ಬೇರೆ ಲೈನು, ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸ್ವಿಚ್ಚು, ಸಾಕೆಟ್ಟು ನೆಲದಿಂದ 4 ಅಡಿ ಮೇಲೆ. ಮುಖ್ಯ ಸ್ವಿಚ್ಚು ಮನೆಯೊಳಗಿರಲಿ, ಅಂಗಳದಲ್ಲಿ ನೀರು ನಿಂತ ದಿನ ಅಲ್ಲಿಂದಲೇ ಆರಿಸಿ. ನೀರು ಇಳಿದು ನೆಲ ಒಣಗೋವರೆಗೆ ಕೆಲಸ ಇಲ್ಲ. ಇದನ್ನ ಅಪ್ಪನಿಗೆ ಮೊದಲೇ ಹೇಳಿ ಒಪ್ಪಿಸಿ. ಖರ್ಚು ಕಡಿಮೆ ಮಾಡಲೇಬೇಕು ಅಂದ್ರೆ ತೇಗದ ಬದಲು ಗಾಮಾರ್ ತನ್ನಿ, ಈ ಪಟ್ಟಿಯಲ್ಲಿ ಯಾವುದನ್ನೂ ಬಿಡಬೇಡಿ.

ಮರದ ಧೂಳನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಅಂತಲೇ ಪಟ್ಟಿ ಮಾಡಿದೆ. 'ನಲವತ್ತು ವರ್ಷ ಏನಾಗಿಲ್ಲ' ಅನ್ನೋ ಅಪ್ಪನಿಗೂ ಎನ್95 ಮಾಸ್ಕ್ ಬೇಕು. ಸದ್ದಿಗೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಮರದ ಗೋಡೆ ಅಷ್ಟೇನೂ ತಡೆಯಲ್ಲ. ಬಂಗಾಳಿಗಳ ಮಧ್ಯಾಹ್ನದ 'ಭಾತ್ ಘುಮ್' ಹೊತ್ತಲ್ಲಿ ಮಷೀನು ಬೇಡ, ಉಳಿ ಮತ್ತು ಕೈತೋಪಡಾ ಸಾಕು. ಕೆಲಸ ಶುರು ಮಾಡೋ ಮುಂಚೆ ಪಕ್ಕದ ಮನೆಗೆ ಒಂದು ಡಬ್ಬ ಮಿಷ್ಟಿ ಹಿಡ್ಕೊಂಡು ಹೋಗಿ ವಿಷಯ ಹೇಳಿ ಬನ್ನಿ.

ಯಾವಾಗ ಏನು?

ಅಕ್ಟೋಬರಿನಲ್ಲಿ, ಮಳೆ ಬಿಡ್ತಾ ಇದ್ದ ಹಾಗೆ, ನೀರಿನ ಗುರುತು ಅಳೀರಿ, ಕಾಗದ ಮುಗಿಸಿ. ನವೆಂಬರಿನಲ್ಲಿ ನೆಲ. ಹಲಗೆಯನ್ನ ಆಗಲೇ ತಂದು, ನಡುವೆ ರೀಪು ಇಟ್ಟು ನೆರಳಲ್ಲಿ ಪೇರಿಸಿ. ಡಿಸೆಂಬರಿನಲ್ಲಿ ಚೌಕಟ್ಟು, ಚಾವಣಿ. ಜನವರಿಯಲ್ಲಿ ಹೊದಿಕೆ, ಫೆಬ್ರವರಿಯಲ್ಲಿ ವೈರಿಂಗು. ಕಾಲ್‌ಬೈಶಾಖಿ ಶುರುವಾಗೋ ಹೊತ್ತಿಗೆ ಬೋಲ್ಟುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿ ಮಾಡಿರಬೇಕು. ಮುಂದಿನ ಕಂತಿನಲ್ಲಿ ಬೆಂಚಿನ ಎತ್ತರ ಮತ್ತು ಬೆನ್ನುನೋವಿನ ಬಗ್ಗೆ ಮಾತಾಡೋಣ.