ಹಾಲು ಜ್ವರ: ಮೈ ಕಾಯದ ಜ್ವರ



ಹೆಚ್ಚು ಹಾಲು ಕೊಡುವ ಹಸು ಈದ ಮೂರು ದಿನಗಳೊಳಗೆ ಏಳಲಾರದೆ ಮಲಗಿತೆಂದರೆ ಮೊದಲು ಹಾಲು ಜ್ವರವೆಂದು ಅನುಮಾನಿಸಿರಿ. ಹೆಸರಿಗೆ ಜ್ವರವಾದರೂ ಮೈ ಕಾಯುವುದಿಲ್ಲ. ಕಿವಿ, ಕಾಲುಗಳು ತಣ್ಣಗಿರುತ್ತವೆ, ಮೂತಿ ಒಣಗಿರುತ್ತದೆ. ಹಸು ಕುತ್ತಿಗೆಯನ್ನು ಪಕ್ಕೆಯ ಕಡೆಗೆ ತಿರುಗಿಸಿ ಮಂಕಾಗಿ ಮಲಗುತ್ತದೆ. ಗಿಣ್ಣುಹಾಲಿಗೆ ಬಹಳ ಕ್ಯಾಲ್ಸಿಯಂ ಹೋಗಿ, ರಕ್ತದಲ್ಲಿ ಅದು ಒಮ್ಮೆಲೇ ಕಡಿಮೆಯಾಗುವುದೇ ಇದಕ್ಕೆ ಕಾರಣ. ಮೂರನೆಯ ಸೂಲಿನಿಂದ ಮುಂದೆ ಇದು ಹೆಚ್ಚು.

ತಡಮಾಡದೆ ಪಶುವೈದ್ಯರನ್ನು ಕರೆಸಿರಿ. ಅವರು ಬರುವವರೆಗೆ:

೧. ಹುಲ್ಲು ತುಂಬಿದ ಚೀಲಗಳನ್ನು ಎರಡೂ ಪಕ್ಕಕ್ಕೆ ಒತ್ತುಕೊಟ್ಟು ಹಸುವನ್ನು ಎದೆಯ ಮೇಲೆ ಕೂರಿಸಿರಿ. ಅಡ್ಡ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ.

೨. ಗೊಟ್ಟದಿಂದ ನೀರು, ಗಂಜಿ, ಔಷಧಿ ಏನನ್ನೂ ಕುಡಿಸಬೇಡಿ. ನುಂಗಲಾರದ ಹಸುವಿಗೆ ಅದು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಸಂಚಕಾರ.

೩. ಕ್ಯಾಲ್ಸಿಯಂ ಬಾಟಲಿ ತಂದು ನೀವೇ ರಕ್ತನಾಳಕ್ಕೆ ಹಾಕಿಸಬೇಡಿ. ವೇಗವಾಗಿ ಹರಿಸಿದರೆ ಹೃದಯ ನಿಲ್ಲಬಹುದು. ವೈದ್ಯರು ಎದೆಬಡಿತ ನೋಡುತ್ತ ನಿಧಾನವಾಗಿ ಕೊಡುತ್ತಾರೆ.

ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕ ಹಸುಗಳು ಕೆಲವೇ ಗಂಟೆಗಳಲ್ಲಿ ಏಳುತ್ತವೆ. ಆದರೆ ಮತ್ತೆ ಮಲಗುವುದೂ ಉಂಟು. ಆದ್ದರಿಂದ ಒಂದೆರಡು ದಿನ ಕೆಚ್ಚಲನ್ನು ಪೂರ್ತಿ ಬರಿದುಮಾಡದೆ ಕರೆಯಿರಿ. ಮುಂದಿನ ಸೂಲಿನಲ್ಲಿ, ಈಯುವ ಮುಂಚಿನ ಎರಡು-ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಕೊಡಬೇಡಿ. ಎಲುಬಿನಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪುತ್ತದೆ. ಈದ ಮೇಲೆ ಕೊಡಿರಿ.