ಯಂತ್ರದ ಹೆಸರು ಬೇಡ, ಅಳತೆ ಹೇಳಿ

ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡಿಗೆ ಬರುವ ಕಾಲೇಜು ಲ್ಯಾಬ್‌ನವರನ್ನು ಗುರುತಿಸುವುದು ಸುಲಭ. ಕೈಯಲ್ಲೊಂದು ಪೊಟ್ಟಣ, ಅದರೊಳಗೆ ಸುಟ್ಟದ್ದೋ ಸವೆದದ್ದೋ ಒಂದು ಬಿಡಿಭಾಗ. ಯಂತ್ರ ಮೂವತ್ತು ವರ್ಷ ಹಳೆಯದು. ಕಂಪನಿಗೆ ಬರೆದರೆ ಆ ಮಾದರಿ ನಿಂತಿದೆ, ಹೊಸದು ತಗೊಳ್ಳಿ ಎಂಬ ಉತ್ತರ. ಹೊಸದಕ್ಕೆ ಅನುದಾನವಿದ್ದರೆ ಪೊಟ್ಟಣ ಹಿಡಿದು ಯಾರು ಬರುತ್ತಿದ್ದರು?

ಅಂಗಡಿಯಲ್ಲಿ "ಸೆಂಟ್ರಿಫ್ಯೂಜಿಂದು ಕೊಡಿ" ಎಂದರೆ ಇಲ್ಲ ಅಂತಲೇ ಹೇಳುತ್ತಾರೆ. ಅಲ್ಲಿ ನಡೆಯುವುದು ಅಳತೆಯ ಮಾತು. ಬೇರಿಂಗನ್ನೇ ನೋಡಿ. ಕ್ಯಾಟಲಾಗಿನಲ್ಲಿ ಅದಕ್ಕೆ ಕಂಪನಿಯದೇ ಉದ್ದನೆಯ ನಂಬರು. ಗ್ರೀಸು ಒರೆಸಿ ಅಂಚು ನೋಡಿದರೆ ಎಷ್ಟೋ ಸಲ 6204 ಎಂಬಂಥ ಸಾಮಾನ್ಯ ನಂಬರು ಕಾಣುತ್ತದೆ. ಕೊನೆಯ 04ನ್ನು ಐದರಿಂದ ಗುಣಿಸಿ: ಒಳವ್ಯಾಸ 20 ಮಿ.ಮೀ. ಹೊರವ್ಯಾಸ 47, ದಪ್ಪ 14. ಯಾವ ದೇಶದಲ್ಲಿ ಕೊಂಡರೂ ಇಷ್ಟೇ. ಮುಂದೆ ಸಿ3 ಅಂತಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಒಳಗಿನ ಸಡಿಲ ತುಸು ಹೆಚ್ಚು ಎಂದರ್ಥ. ತಲೆ ಉಬ್ಬಿದ ಕೆಪಾಸಿಟರಿಗೂ ಇದೇ ಲೆಕ್ಕ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಮಾತ್ರ ಬೇಡ. 85 ಡಿಗ್ರಿಯದ್ದರ ಜಾಗಕ್ಕೆ 105ರದ್ದು ಹಾಕಿದರೆ ಬಾಳಿಕೆ ಜಾಸ್ತಿ. ಎತ್ತರವನ್ನೂ ಅಳೆದುಕೊಂಡು ಹೋಗಿ, ಇಲ್ಲದಿದ್ದರೆ ಆಮೇಲೆ ಮುಚ್ಚಳ ಕೂರುವುದಿಲ್ಲ.

ಕಾರ್ಬನ್ ಬ್ರಷ್ಷಿನದು ಕೈಕೆಲಸ. ಲ್ಯಾಬ್ ಅಸಿಸ್ಟೆಂಟ್ ಒಬ್ಬರು ತುಸು ದಪ್ಪದ ಬ್ರಷ್ಷನ್ನು ಮರಳು ಕಾಗದಕ್ಕೆ ಉಜ್ಜಿ ಉಜ್ಜಿ ಗೂಡಿಗೆ ಸರಿಹೊಂದಿಸುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಆಮೇಲೆ ಅದೇ ಕಾಗದವನ್ನು ಕಮ್ಯುಟೇಟರಿಗೆ ಸುತ್ತಿ, ಮೋಟರನ್ನು ಕೈಯಲ್ಲೇ ತಿರುಗಿಸಿದರು. ಬ್ರಷ್ಷಿನ ತುದಿ ಆ ಗುಂಡನೆಯ ಬಾಗಿಗೆ ಕೂತಿತು. ಎಮರಿ ಪೇಪರ್ ಮುಟ್ಟಲಿಲ್ಲ. "ಅದರ ಪುಡಿ ಸಂದೀಲಿ ಕೂತ್ರೆ ಶಾರ್ಟ್ ಆಗುತ್ತೆ ಸಾರ್" ಅಂದರು. ಬೆರಳೆಲ್ಲ ಕಪ್ಪು.

ಈ ಜಾಣತನ ಎಲ್ಲದಕ್ಕೂ ನಡೆಯುವುದಿಲ್ಲ. ಸ್ಪೆಕ್ಟ್ರೋಫೋಟೋಮೀಟರಿನ ಹ್ಯಾಲೋಜನ್ ಬಲ್ಬು ಹಲವು ಮಾದರಿಗಳಲ್ಲಿ 12 ವೋಲ್ಟಿನ ಸಾದಾ ಬಲ್ಬೇ. ಬರಿಗೈಯಲ್ಲಿ ಗಾಜು ಮುಟ್ಟದೆ, ತಂತಿ ಹಳೆಯದು ನಿಂತ ಜಾಗದಲ್ಲೇ ನಿಲ್ಲುವಂತೆ ಹಾಕಿದರಾಯಿತು. ಆದರೆ ಅತಿನೇರಳೆ ಬೆಳಕಿಗೆ ಬೇಕಾದ ಡ್ಯೂಟೀರಿಯಂ ದೀಪಕ್ಕೆ ರಸ್ತೆ ಅಂಗಡಿಯಲ್ಲಿ ಬದಲಿ ಹುಡುಕುವುದು ವ್ಯರ್ಥ. ಇನ್ನು ಸೆಂಟ್ರಿಫ್ಯೂಜಿನ ರೋಟರ್. ತುಕ್ಕಿನ ಚುಕ್ಕೆ ಬಿದ್ದ ಹಳೆ ರೋಟರನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನಂತೂ ಒಯ್ಯೆನು. ಪೂರ್ತಿ ವೇಗದಲ್ಲಿ ಒಡೆದರೆ ಅದು ಬಾಂಬಿಗೆ ಸಮ.

ಅಂಗಡಿಯಲ್ಲಿ ಸಿಗದ್ದಕ್ಕೆ ಕೊನೆಯ ದಾರಿ ಸ್ಟೋರ್‌ರೂಮು. ಅದೇ ಮಾದರಿಯ ಕೆಟ್ಟ ಯಂತ್ರವೊಂದು ಅಲ್ಲಿ ಧೂಳು ಹೊದ್ದು ಕೂತಿರುತ್ತದೆ. ಇವತ್ತು ಅದರ ಸ್ವಿಚ್ಚು, ಮುಂದಿನ ವರ್ಷ ಟ್ರಾನ್ಸ್‌ಫಾರ್ಮರು, ಆಮೇಲೆ ಕನ್ನಡಿ, ಹೀಗೆ ಒಂದೊಂದೇ ಬಿಚ್ಚಿಕೊಳ್ಳುತ್ತಾರೆ. ಕಂಡೆಮ್ ಆಗಿ ಗುಜರಿಗೆ ಹೋಗುವ ತನಕ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಹೆಸರು ಇರಲೇಬೇಕು. ವರ್ಷಕ್ಕೊಮ್ಮೆ ಪರಿಶೀಲನೆಗೆ ಬಂದವರು ಮುಚ್ಚಳ ತೆಗೆಯುವುದಿಲ್ಲ. ಹೊರಗಿಂದಲೇ ನೋಡಿ, "ಒಂದು, ಇದೆ" ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ.